ಅಟ್ಟದ ಕೆಳಗಿನ ತೊಟ್ಟಿಲು

ಮೊದಲ ತಿಂಗಳು ಮನೆಮಂದಿಯೆಲ್ಲ ಬೆಕ್ಕಿನ ಹೆಜ್ಜೆ ಕಲಿತೆವು.
ಇವರು ಬಾಗಿಲ ತಿರುಗಣೆಗೆ ಹರಳೆಣ್ಣೆ ಬಿಟ್ಟರು.
ಕುಕ್ಕರು ಮೂಲೆ ಸೇರಿ, ಅನ್ನ ಬಸಿಯುವ ಕಾಲ ವಾಪಸು ಬಂತು.
ನಾನು ಬಳೆ ಕಳಚಿ ಗೋಡೆಗೂಡಿನಲ್ಲಿಟ್ಟೆ,
ಕೈಗೊಂದೊಂದು ಮಾತ್ರ ಉಳಿಸಿಕೊಂಡು,
ಬರಿಗೈ ಎಂದು ಅತ್ತೆ ಅನ್ನದಿರಲೆಂದು.
ಇಷ್ಟಾದರೂ ಇಂಚರ
ಹಲ್ಲಿ ಲೊಚಗುಟ್ಟಿದರೆ ಎದ್ದಳು,
ಎದ್ದದ್ದಕ್ಕೆ ಅತ್ತಳು,
ತನ್ನ ಅಳುವಿಗೆ ತಾನೇ ಬೆಚ್ಚಿ ಮತ್ತೆ ಅತ್ತಳು.

ಅತ್ತೆ ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿ ನಿಂತರು:
"ಗುಮ್ಮಂಗೆ ಹೆದರ್ದಂಗೆ ಕೂಸಿಗೆ ಹೆದರ್ತೀರಲ್ಲ!
ತೊಟ್ಟಿಲು ತನ್ನಿ ಹಜಾರಕ್ಕೆ.
ಸದ್ದು ಅನ್ನೋದು ಉಪ್ಪಿದ್ದಂಗೆ,
ಒಂದೊಂದೇ ಹರಳು ನಾಲಿಗೆಗೆ ತಾಗ್ಬೇಕು."

ಹಜಾರದ ಮೇಲೆ ಅಟ್ಟ, ಅಟ್ಟದ ತುಂಬ
ಹೋದ ವರ್ಷದ ಕಾಯಿ, ಮಟ್ಟೆ ಹೊದ್ದು ಮಲಗಿದ್ದಾವೆ,
ಒಳಗಿನ ನೀರು ತಾವೇ ಕುಡಿದುಕೊಳ್ಳುತ್ತ.
ತಿಪಟೂರಿನಲ್ಲಿ ಈ ನಿದ್ದೆಗೇ ಬೆಲೆ.
ಹನ್ನೊಂದು ತಿಂಗಳು ಯಾರೂ ಎಬ್ಬಿಸಬಾರದು.
ಆಮೇಲೆ ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ.
ಗುಡುಗುಡು ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ,
ಸುಮ್ಮನಿದ್ದರೆ ಮತ್ತೆ ಅಟ್ಟಕ್ಕೆ.

ಅಂಗಳದಲ್ಲಿ ಮೂವರು ಹೆಂಗಸರು, ಮೂರು ಮಚ್ಚು.
ಚಿಪ್ಪಿನ ಮೇಲೆ ಟಕ್, ಟಕ್, ತಿರುಗಿಸಿ ಟಕ್.
ರಂಗಲಕ್ಷ್ಮಿಯ ಫೋನಿನಲ್ಲಿ ಧಾರಾವಾಹಿಯ ಅತ್ತೆ-ಸೊಸೆ,
ಚೀಲ ಹೇರಲು ಬಂದ ಗಾಡಿಯ ಹಿಮ್ಮುಖದ ಪೀಂ ಪೀಂ,
ಹರಾಜಿನ ರೇಟು ಕೇಳಿ ಇವರು
ಫೋನೇ ಬೇಡವೆನ್ನುವಷ್ಟು ಜೋರಾಗಿ ಕಿರುಚುವುದು.
ಮೊದಲ ದಿನ ಮಗು ಅತ್ತು ಅತ್ತು ನೀಲಿಯಾಯಿತು.
ನಾನು ಸೆರಗು ಕಚ್ಚಿ ಕೂತೆ.
ಎರಡನೆಯ ದಿನವೂ ಅಷ್ಟೇ. ಮೂರು, ನಾಲ್ಕು ನೆನಪಿಲ್ಲ.
ಆರನೆಯ ದಿನ
ಒಂದು ಟಕ್‌ಗೂ ಇನ್ನೊಂದು ಟಕ್‌ಗೂ ನಡುವೆ ಸಿಕ್ಕ ಜಾಗದಲ್ಲಿ
ಆಕಳಿಸಿದಳು.
ಅತ್ತೆ ನನ್ನ ಕಡೆ ನೋಡಲಿಲ್ಲ.
ನೋಡಲಿಲ್ಲವೆಂಬುದು ನನಗೆ ಗೊತ್ತಾಗುವ ಹಾಗೆ ನೋಡಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು.
ಒಂದು ಮಧ್ಯಾಹ್ನ ಕೊಳಗ ಕೈಜಾರಿ
ಹಜಾರದ ಕಡಪ ಕಲ್ಲಿನ ಮೇಲೆ ಸುತ್ತಿ ಸುತ್ತಿ ಬಿತ್ತು.
ಅವಳ ರೆಪ್ಪೆ ಅಲುಗಲಿಲ್ಲ.
ನನ್ನ ಹೊಟ್ಟೆಯೊಳಗೆ ಏನೋ ಅಲುಗಿತು.
ಇಷ್ಟೊಂದು ನಿದ್ದೆ ನಿದ್ದೆಯೇನಾ?
ಕಿವಿ ಕೇಳಿಸದ ಮಗುವಿಗೆ
ಸದ್ದು ರೂಢಿಯಾಯಿತೆಂದು ಬೀಗುತ್ತಿದ್ದೇವೆಯೇ?
ಅತ್ತೆ ಹಿತ್ತಲಿಗೆ ಹೋಗುವುದನ್ನೇ ಕಾದು
ಊಟದ ತಟ್ಟೆ ತಂದು ಸೌಟಿನಿಂದ ಬಡಿದೆ,
ಬಳೆ ಕಳಚಿಟ್ಟ ಇದೇ ಕೈಯಿಂದ.
ಮತ್ತೊಮ್ಮೆ ಬಡಿದೆ, ಇನ್ನೂ ಹತ್ತಿರದಿಂದ.
ಅಂಗಳದಿಂದ ರಂಗಲಕ್ಷ್ಮಿ:
"ಏನಕ್ಕಾ, ಗ್ರಹಣ ಬಿಡಿಸ್ತಿದ್ದೀರಾ?"
ಮಗು ತುಟಿ ಚಪ್ಪರಿಸಿ ಆ ಮಗ್ಗುಲಾಯಿತು.

ನನಗೆ ಅಳು ಬಂತು. ನಾಚಿಕೆಯೂ.
ಗೂಡಿನಿಂದ ಬಳೆ ತೆಗೆದು ಸೋಪಿನ ನೀರು ಹಚ್ಚಿ
ಒಂದೊಂದಾಗಿ ಏರಿಸಿಕೊಂಡೆ,
ಆ ಹೊತ್ತಿಗೆ ಇನ್ನೇನು ಮಾಡಬೇಕೋ ತೋಚದೆ.
ಐದನೆಯದು ನಾಲ್ಕನೆಯದಕ್ಕೆ ತಾಗಿದಾಗ
ಕಣ್ಣು ತೆರೆದಳು.
ಬಳೆ ಸದ್ದಿಗೋ, ಹಾಲಿನ ಹೊತ್ತಿಗೋ,
ಇವತ್ತಿಗೂ ಖಚಿತವಾಗಿ ಹೇಳಲಾರೆ.
ಎತ್ತಿಕೊಂಡೆ.

ನನ್ನ ತಂಗಿಗೆ ಈಗ ಏಳು ತಿಂಗಳು.
"ಕಲಿಸೋಕಾಗುತ್ತಾ ಅಕ್ಕ?" ಎಂದು ಫೋನು ಮಾಡುತ್ತಾಳೆ.
ಮಗುವಿಗೆ ಆಗುತ್ತೆ ಕಣೆ, ಅನ್ನುತ್ತೇನೆ.
ಉಳಿದದ್ದು ಹೇಳುವುದಿಲ್ಲ, ಅವಳಾಗಿ ಕಂಡುಕೊಳ್ಳಲಿ.

ರಾತ್ರಿ ಎರಡಕ್ಕೆ ಅರಸೀಕೆರೆ ಕಡೆಯ ರೈಲು
ಕಿಟಕಿ ಸರಳು ಅದುರಿಸಿಕೊಂಡು ಹೋಗುತ್ತದೆ,
ಯಾರೂ ಮಿಸುಕುವುದಿಲ್ಲ, ನಾನೂ.
ಆಮೇಲೆ ಅವಳ ಉಸಿರು
ಒಂದೇ ಒಂದು ಎಳೆ ತಡವಾದರೆ
ನನ್ನ ಕಾಲು ಆಗಲೇ ನೆಲದ ಮೇಲಿರುತ್ತದೆ.
ತೊಟ್ಟಿಲ ಹಗ್ಗ ಹಿಡಿದು ಕತ್ತಲಲ್ಲಿ ನಿಂತಿರುತ್ತೇನೆ.
ಮೇಲೆ, ಅಷ್ಟು ಕಾಯಿಗಳ ನಡುವೆ ಯಾವುದೋ ಒಂದು
ತನ್ನೊಳಗೇ ಮೆತ್ತಗೆ ಚಿಪ್ಪು ಬಿಡುತ್ತದೆ.
ಅದೂ ಕೇಳಿಸುತ್ತದೆ ನನಗೆ.

ಬೆಳಿಗ್ಗೆ ಹೇಳಿದರೆ
ಇಲಿ ಕಣೆ, ಅನ್ನುತ್ತಾರೆ ಅತ್ತೆ.