ಕಾಲು ಚಾಚುವ ಲೆಕ್ಕ

ಮೀಟರಿನ ಮುಳ್ಳು ಅರ್ಧಕ್ಕೇ ನಿಂತು ಎರಡು ಮಳೆಗಾಲ.
ರಿಪೇರಿ ಬೇಡವೆಂದ ರೋಯ್ದಾಸ.
‘ಮುಳ್ಳು ನೋಡುವವಳು ನೀರು ನೋಡುವುದಿಲ್ಲ.’
ಬೋಟು ನನಗೆ ಮಾರಿದ ಮೇಲೂ
ಮೂತಿಯಲ್ಲಿ, ಹಗ್ಗದ ಸುರುಳಿಯ ಮೇಲೆ, ಅವನದೇ ಜಾಗ;
ಬೆನ್ನು ನನಗೆ, ಮುಖ ದೇವಗಡದ ದೀಪಸ್ತಂಭಕ್ಕೆ.

ಕೋಡಿಬಾಗದಲ್ಲಿ ಹೇರಿದ್ದು:
ಸಿಹಿನೀರಿನ ನಾಲ್ಕು ಡ್ರಮ್ಮು, ಕುಚ್ಚಲಕ್ಕಿ, ಗ್ಯಾಸ್ ಸಿಲಿಂಡರು,
ದೀಪ ಕಾಯುವವರ ಹದಿನೈದು ದಿನದ ಈರುಳ್ಳಿ.
ಎಲ್ಲ ಹಿಂದಕ್ಕೆ. ಹಿಂಭಾರಕ್ಕೆ ಬೋಟು
ಕೆಸರಲ್ಲಿ ಕೂತ ಎಮ್ಮೆ.

‘ಇಂಜಿನ್ನಿನ ಕಾಲು ಪೂರ್ತಿ ಒಳಗೆಳೆ.
ಊಟದ ಪಂಕ್ತಿಯಲ್ಲಿ ಮಡಚುವುದಿಲ್ಲವೆ, ಹಾಗೆ.’
ಗುಂಡಿ ಒತ್ತಿದೆ. ಥ್ರಾಟಲ್ ನೂಕಿದೆ.
ಮೂತಿ ಆಕಾಶ ಮೂಸಿ, ತಡೆದು,
ಮೆಲ್ಲಗೆ ನೀರಿನ ಮೇಲೆ ಹತ್ತಿ ಕೂತಿತು.
ಆಗ ಸ್ಟೇರಿಂಗು ಬಲಕ್ಕೆ ಜಗ್ಗತೊಡಗಿತು,
ಸಂತೆಯಲ್ಲಿ ಕೈ ಬಿಡಿಸಿಕೊಳ್ಳುವ ಮಗುವಿನ ಹಾಗೆ.

‘ಈಗ ಚಾಚು. ಒಂದು ತಟ್ಟು. ಇನ್ನೊಂದು. ಕೇಳು.’

ಹಾಸಿಗೆ ಇದ್ದಷ್ಟು ಕಾಲು ಚಾಚೆಂದು
ಅಜ್ಜಿಯಿಂದ ಬ್ಯಾಂಕಿನ ಮ್ಯಾನೇಜರನವರೆಗೆ
ಎಲ್ಲರೂ ಹೇಳಿದ್ದರು, ಈ ಬೋಟಿಗೆ ಸಾಲ ಕೇಳಿದಾಗ.
ಇಲ್ಲಿ ಹಾಸಿಗೆಯೇ ಮಗ್ಗುಲು ಬದಲಿಸುತ್ತದಲ್ಲ,
ಎಷ್ಟೆಂದು ಚಾಚಲಿ?

ಮೂರನೇ ತಟ್ಟಿಗೆ ಮಣಿಕಟ್ಟು ಹಗುರ.
ಪಕ್ಕೆಯಲ್ಲಿ ಏಳುತ್ತಿದ್ದ ಸಿಡಿಹನಿ
ಸರಿದು ಸರಿದು ನನ್ನ ಬೆನ್ನ ಹಿಂದೆ ಬಿತ್ತು;
ಇಂಜಿನ್ನಿನ ಸ್ವರ ಅರ್ಧ ಮೆಟ್ಟಿಲು ಏರಿತು.
ಆಸೆಯಾಯಿತು. ನಾಲ್ಕು. ಐದು.
ಮೂತಿ ಹೂಂಗುಟ್ಟುತ್ತ ತಲೆಯಾಡಿಸಲು ಶುರು:
ಏಳು, ಬೀಳು, ಏಳು, ಬೀಳು,
ಡ್ರಮ್ಮುಗಳು ಒಂದಕ್ಕೊಂದು ಹಣೆ ಚಚ್ಚಿಕೊಂಡವು,
ಫ್ಯಾನು ನೀರು ಬಿಟ್ಟು ಗಾಳಿ ಕಡೆಯಿತು.
ಬರೀ ಕೂಗು, ಓಟವಿಲ್ಲ.
ರೋಯ್ದಾಸ ತಿರುಗಲಿಲ್ಲ. ಎರಡು ಬೆರಳು
ಕೆಳಗೆ ತೋರಿಸಿದ.

‘ಎದುರಲೆಗೆ ಮೂತಿ ತಗ್ಗಿಸು, ಹಿಂದಲೆಗೆ ಎತ್ತು,
ತಿರುವಿನಲ್ಲಿ ಕಾಲು ಮಡಚು.’
ಅಷ್ಟೇ ಪಾಠ. ಉಳಿದದ್ದು ಬೀಡಿ.

ದೇವಗಡದಲ್ಲಿ ಸಾಮಾನಿನ ಜೊತೆ ಅವನೂ ಇಳಿದ.
‘ಎರಡು ದಿನ ಕಲಗ ಕೀಳುತ್ತೇನೆ. ನೀ ಹೋಗು.’

ಹೋದೆ. ಡ್ರಮ್ಮಿಲ್ಲ, ಅಕ್ಕಿಯಿಲ್ಲ,
ಮೂತಿಯಲ್ಲಿ ಅರವತ್ತೆಂಟು ಕಿಲೋ ಬೆನ್ನಿಲ್ಲ.
ಬೆಳಗಿನ ಅದೇ ಮೂರು ತಟ್ಟಿಗೆ ಬೋಟು ಕುಣಿಯಿತು.
ನಾನು ಕಲಿತ ಲೆಕ್ಕದಲ್ಲಿ ಅವನ ಭಾರವೂ ಕೂಡಿತ್ತು;
ಕಳೆಯಬೇಕೆಂದು ಯಾರೂ ಹೇಳಿರಲಿಲ್ಲ.

ಒಂದು ತಟ್ಟು ಒಳಗೆ. ಮತ್ತರ್ಧ.
ಕೇಳಿದೆ.

ಕಾಳಿಯ ಅಳಿವೆಯಲ್ಲಿ ಇಳಿತದ ಹೊತ್ತು,
ಹೊಳೆ ಹೊರಗೆ ನುಗ್ಗುತ್ತಿತ್ತು, ಪಡುಗಾಳಿ ಒಳಗೆ.
ಹಿಂದಿನಿಂದ ಅಲೆ ಬೋಟನ್ನು ಎತ್ತಿ ದಬ್ಬಿದಾಗ
ಮೂತಿ ಮುಂದಿನ ಅಲೆಗೆ ಚುಚ್ಚಿಕೊಳ್ಳದೆ
ಮೇಲೆ ಹತ್ತಿತು. ಹಗುರಿತ್ತಲ್ಲ.
ಇದಕ್ಕೇ ಇಳಿದನೋ,
ಕಲಗದ ಆಸೆಗೆ ಇಳಿದನೋ,
ಈವರೆಗೆ ಕೇಳಿಲ್ಲ.

ಮರಳ ದಿಬ್ಬದ ಮೇಲೆ ಸೀರೆ ಎತ್ತಿ ನಡೆದ ಹಾಗೆ
ಇಂಜಿನ್ನಿನ ಕಾಲು ಎತ್ತಿ ಮೆಲ್ಲಗೆ ದಾಟಿ,
ಆಳ ಸಿಕ್ಕ ಮೇಲೆ ಮತ್ತೆ ಇಳಿಸಿ,
ಸೇತುವೆಯ ನೆರಳು ಮೈಮೇಲೆ ಬಂದಾಗ
ಸ್ಟೇರಿಂಗಿನಿಂದ ಒಂದು ಕ್ಷಣ ಕೈ ತೆಗೆದೆ.
ಬಲಕ್ಕೆ ಎಳೆಯಲಿಲ್ಲ. ಎಡಕ್ಕೂ.
ಮುಳ್ಳು ಅರ್ಧದಲ್ಲೇ ಇತ್ತು.