ಟಿಡಿಎಸ್ ಅಂದರೆ ದಿನಕ್ಕೆ ಮೂರು ಸಲ

ದುರ್ಗಿಗುಡಿಯಲ್ಲಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿ.
ಸೊರಬದ ಹುಡುಗ ಮಧುಕೇಶ ಹನ್ನೆರಡು ಹಾಳೆ ಕೈಗಿಟ್ಟು
'ಓದಿ ನೋಡಿ ಸಿಸ್ಟರ್, ಒಳ್ಳೇ ಕಂಪನಿ, ಪಂಪ್‌ಸೆಟ್ ಮಾಡ್ತಾರೆ' ಎಂದ.
ನಿವೃತ್ತಿಯ ದುಡ್ಡು ಇನ್ನೂ ಬ್ಯಾಂಕಿನಲ್ಲಿ
ಡ್ರಿಪ್ಪು ಹಾಕಿಸಿಕೊಂಡ ರೋಗಿಯ ಹಾಗೆ ಮಲಗಿತ್ತು.

ಮೂವತ್ತೊಂದು ವರ್ಷ ಮೆಗ್ಗಾನಿನಲ್ಲಿ ಚೀಟಿ ಓದಿದವಳು ನಾನು.
ಡಾಕ್ಟರ್ ಖಲೀಲರ ಅಕ್ಷರ ತಿಳಿಯದೆ
ಔಷಧಿ ಅಂಗಡಿಯವನು ಆಳನ್ನು ಮೇಲೆ ಅಟ್ಟುತ್ತಿದ್ದ:
'ಹೋಗು, ವಾರಿಜಾ ಸಿಸ್ಟರನ್ನು ಕೇಳು.'
ಗಿಡ್ಡ ಅಕ್ಷರಕ್ಕೆ ಹೆದರುವ ಹೆಂಗಸಲ್ಲ.
ಆದರೂ ಮೊದಲ ಹಾಳೆಯಲ್ಲೇ ಎಡವಿದೆ.

ಡಿವಿಡೆಂಡಿನ ಪಕ್ಕ ಟಿಡಿಎಸ್.
ದಿನಕ್ಕೆ ಮೂರು ಸಲ, ಊಟವಾದ ಮೇಲೆ, ಎಂದುಕೊಂಡೆ.
ಅಲ್ಲವಂತೆ, ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ತೆರಿಗೆ.
ಎಸ್‌ಎಲ್: ನಾಲಿಗೆಯ ಕೆಳಗಿಡು, ನುಂಗಬೇಡ, ಎದೆನೋವಿಗೆ.
ಅಲ್ಲವಂತೆ, ನಷ್ಟ ಇಲ್ಲಿಗೆ ನಿಲ್ಲಲಿ ಎಂದು ಎಳೆದ ಗೆರೆ.
ಅಷ್ಟೇನೂ ಬೇರೆಯಲ್ಲ ಅನ್ನಿಸಿತು.

ಪಿಇ ಕಂಡಾಗ ಮಾತ್ರ ಕೈ ತಣ್ಣಗಾಯಿತು.
ಹೆರಿಗೆಯಾದ ಮೂರನೇ ದಿನ
ತಲೆ ಬಾಚಿಕೊಳ್ಳುತ್ತ ಕುಸಿದ ಆಯನೂರಿನ ಹುಡುಗಿ,
ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಒಂದು ಹೆಪ್ಪು.
ಕೇಸ್ ಶೀಟಿನಲ್ಲಿ ಎರಡೇ ಅಕ್ಷರ.
ಮಧುಕೇಶನಿಗೆ ಇದೇನು ಗೊತ್ತು, ನಗುತ್ತ ವಿವರಿಸಿದ:
'ಕಂಪನಿ ಒಂದು ರೂಪಾಯಿ ದುಡಿದರೆ
ಅದಕ್ಕೆ ಜನ ಎಷ್ಟು ಕೊಡ್ತಾರೆ, ಅದು. ಇಲ್ಲಿ ಮೂವತ್ತೆಂಟು.'
ಜಾಸ್ತಿಯಾ ಎಂದೆ.
'ಪಕ್ಕದ ಕಂಪನಿಯದು ನೋಡಬೇಕು.'
ಜ್ವರ ಹಾಗಲ್ಲವಪ್ಪ. ಪಕ್ಕದ ಮಂಚದವನದು ನೂರಾನಾಲ್ಕು ಅಂತ
ಇವನ ನೂರಾಮೂರು ಆರೋಗ್ಯವಾಗುವುದಿಲ್ಲ.

ಮನೆಗೆ ತಂದು ಕೂತೆ, ಕೆಂಪು ಪೆನ್ನು ಹಿಡಿದು.
ರಾತ್ರಿ ಪಾಳಿಗೆ ಕೆಂಪು, ಹಳೆಯ ಅಭ್ಯಾಸ.
ವೈಒವೈ: ಹೋದ ವರ್ಷ ಇದೇ ಹೊತ್ತಿಗೆ ಹೇಗಿದ್ದ.
ಬಿಪಿಎಸ್: ರಕ್ತದೊತ್ತಡವಲ್ಲ,
ಶೇಕಡಾ ಒಂದನ್ನು ನೂರು ಚೂರು ಮಾಡಿದರೆ ಒಂದು ಚೂರು.
ಇಬಿಟ್ಡಾ: ಬಡ್ಡಿ, ತೆರಿಗೆ, ಸವಕಳಿ
ಯಾವುದನ್ನೂ ಕಳೆಯದೆ ಹೇಳುವ ಗಳಿಕೆ.
ಇದು ಚೆನ್ನಾಗಿ ಅರ್ಥವಾಯಿತು:
ಸಂಬಳದ ಚೀಟಿಯ ಮೇಲ್ತುದಿಯ ಅಂಕಿ,
ನೆಂಟರಿಗೆ ಹೇಳುವಂಥದು.

ಆಮೇಲೆ ಬಂತು ಆ ಒಂಟಿ ಇ.
ಎಫ್‌ವೈ27ಇ, ಎಫ್‌ವೈ28ಇ,
ವರ್ಷದ ಬಾಲಕ್ಕೆ ಅಂಟಿಕೊಂಡು.
ಅಂದಾಜು. ನಡೆದದ್ದಲ್ಲ.
ನಮ್ಮಲ್ಲೂ ಇತ್ತು ಅದರ ಅಕ್ಕ: ಇಡಿಡಿ,
ತಾಯಿ ಕಾರ್ಡಿನ ಮೇಲ್ಮೂಲೆಯಲ್ಲಿ ಹೆರಿಗೆಯ ನಿರೀಕ್ಷಿತ ದಿನ.
ಬರೆದ ದಿನವೇ ಹುಟ್ಟಿದ ಕೂಸು ನೂರಕ್ಕೆ ಐದಿದ್ದರೆ ಹೆಚ್ಚು.
ಕೆಲವು ಹೊಸನಗರದ ಬಸ್ಸಿನಲ್ಲೇ ಬಂದವು,
ಕೆಲವು ಹತ್ತು ದಿನ ಸತಾಯಿಸಿದವು.
ಆದರೂ ತಾರೀಕು ಬರೆಯುವುದು ಬಿಡಲಿಲ್ಲ.
ತಾರೀಕಿಲ್ಲದೆ ಯಾರೂ ಕುಲಾವಿ ಹೊಲಿಯುವುದಿಲ್ಲ.

ಹನ್ನೊಂದನೇ ಹಾಳೆ. ಎಫ್‌ವೈ21ರ ಸಾಲು.
ಪಿಇ ಇರಬೇಕಾದಲ್ಲಿ ಎನ್‌ಎಂ.
ಆ ವರ್ಷ ನಷ್ಟ. ನಷ್ಟದಿಂದ ಭಾಗಿಸಿದರೆ
ಬರುವ ಅಂಕಿಗೆ ಅರ್ಥವಿಲ್ಲವಂತೆ,
ಅದಕ್ಕೇ ಅಂಕಿಯ ಬದಲು ಆ ಎರಡಕ್ಷರ: ಅರ್ಥವಿಲ್ಲ.
ತುಂಬ ಹೊತ್ತು ನೋಡಿದೆ.
ಆ ವರ್ಷ ನಾನು ಕೋವಿಡ್ ವಾರ್ಡಿನಲ್ಲಿದ್ದೆ.
ನಮ್ಮ ರಿಜಿಸ್ಟರಿಗೆ ಅಂಥ ಅನುಕೂಲ ಇರಲಿಲ್ಲ,
ಪ್ರತಿ ಸಾಲಿಗೂ ಏನಾದರೊಂದು ತುಂಬಲೇಬೇಕಿತ್ತು.

ಬೆಳಿಗ್ಗೆ ಹಾಳೆ ವಾಪಸು ಕಳಿಸಿದೆ, ಅಂಚಿನಲ್ಲಿ ಮೂರಕ್ಷರ ಗೀಚಿ.
ಅರ್ಧ ಗಂಟೆಗೆ ಫೋನು.
'ಸಿಸ್ಟರ್, ಏನಾಯ್ತು? ಎಸ್‌ಒಎಸ್ ಅಂತ ಬರೆದಿದೀರಿ,
ಕಾಪಾಡಿ ಅಂತಲ್ಲವಾ ಅದು?'
ಅವನ ಉಸಿರು ಮಿನಿಟಿಗೆ ಇಪ್ಪತ್ತೆಂಟು ಇದ್ದೀತು.

'ಅಲ್ಲಪ್ಪ' ಎಂದೆ,
'ಬೇಕಾದರೆ ಮಾತ್ರ.'