ಸೊಲ್ಲಗೆ ಎಣ್ಣೆ

ಮುದಗಲ್ಲಿನ ಇಗರ್ಜಿಯ ಹಿಂದೆ, ಹೊಂಗೆಮರದ ಬುಡಕ್ಕೆ
ಪಾದ್ರಿಯೊಬ್ಬರ ಗೋರಿ.
ಹೆಸರು ಮಾಸಿದೆ. ಉಳಿದದ್ದು ಶಿಲುಬೆ, ಅರ್ಧ ಇಸವಿ,
ಗಾರೆಯಲ್ಲಿ ಒತ್ತಿದ ಯಾರದೋ ಹೆಬ್ಬೆರಳು.

ಕಟ್ಟಿದವರು ಹೊಸ ಕಲ್ಲು ತಂದಿಲ್ಲ.
ಮೂಡಣಕ್ಕೆ ಬಾಗಿಲವಾಡದ ಬಳ್ಳಿ, ಅಡ್ಡ ಮಲಗಿದೆ.
ಮೂಲೆಗೆ ಕಂಬದ ಬೋದಿಗೆ.
ಪಡುವಣಕ್ಕೊಬ್ಬ ವೀರ, ಕುದುರೆಸಮೇತ
ಮೊಣಕಾಲತನಕ ಹೂತುಹೋಗಿಯೂ
ಕತ್ತಿ ಎತ್ತಿದ್ದಾನೆ ಇರುವೆಸಾಲಿನ ಮೇಲೆ.

ನನಗೆ ಬೇಕಾದದ್ದು ತೆಂಕಣ ಚಪ್ಪಡಿ:
ಹನ್ನೊಂದು ಸಾಲು, ತಲೆಕೆಳಗು.
ಸೂರ್ಯಚಂದ್ರರು ಮಣ್ಣಿಗೆ ತಾಗಿದ್ದಾರೆ,
ಹಸು ಆಕಾಶಕ್ಕೆ ಕಾಲು ಮಾಡಿದೆ,
ಆದರೂ ಕರು ಕೆಚ್ಚಲು ಬಿಟ್ಟಿಲ್ಲ.

ಕಲ್ಲು ತೊಳೆದೆ. ಹಾವಸೆ, ಹಕ್ಕಿಹಿಕ್ಕೆ,
ಅಂಟಿದ್ದನ್ನೆಲ್ಲ ಉಗುರಿನಿಂದ ಕೆರೆದೆ.
ಅಚ್ಚಿನ ಕಾಗದ ಹೊದಿಸುವ ಮೊದಲು ಓದಿಕೊಳ್ಳುವ ಚಟ ನನಗೆ.
ನೆಲಕ್ಕೆ ಕೆನ್ನೆಯಿಟ್ಟು, ಕತ್ತು ತಿರುವಿ,
ಒಂದೊಂದೇ ಅಕ್ಷರ.

ಕಸ ಗುಡಿಸುತ್ತಿದ್ದ ಚವರಮ್ಮ ನಿಂತಳು.
"ಇಷ್ಟೊತ್ತು ಅಡ್ಡಬೀಳೋರನ್ನ ನಾ ಕಂಡಿಲ್ರಿ."
ಅಲ್ಲವೆನ್ನಲಿಲ್ಲ ನಾನು.

ಏಳನೆಯ ಸಾಲಲ್ಲಿ ಸಿಕ್ಕಿತು:
ತೆಲ್ಲಿಗರು ಕೂಡಿ, ಗಾಣಕ್ಕೊಂದು ಸೊಲ್ಲಗೆ ಎಣ್ಣೆ,
ನಂದಾದೀವಿಗೆಗೆ.
ಯಾವ ದೇವರದ್ದೆಂಬಲ್ಲಿ ಚಕ್ಕೆ ಹಾರಿದೆ.
ಕೊನೆಗೆ ಎಂದಿನ ಶಾಪ: ಇದನ್ನು ಅಳಿದವನು
ಗಂಗೆಯ ತಡಿಯಲ್ಲಿ ಕವಿಲೆಯ ಕೊಂದವನು.

ಕಲ್ಲನ್ನು ಇಲ್ಲಿಗೆ ಎಳೆದ ಕಲ್ಲುಕುಟಿಗನಿಗೆ
ಓದು ಬಾರದೆ ತಿರುವಿ ನಿಲ್ಲಿಸಿದನೋ,
ಬರುತ್ತಿದ್ದರಿಂದಲೇ ತಿರುವಿದನೋ,
ಕೊಡ ಬೋರಲಿಟ್ಟ ಹಾಗೆ
ಶಾಪವೆಲ್ಲ ಸುರಿದು ಹೋಗಲೆಂದು?

ಚವರಮ್ಮನಿಗೆ ಓದಿ ಹೇಳಿದೆ.
ಪೊರಕೆಯನ್ನು ವೀರನ ಹೆಗಲಿಗೆ ಆನಿಸಿ ಕೇಳಿದಳು.
"ದೀಪ ಅಂದ್ರೇನ್ರಿ, ಸತ್ತೋರ ಹಬ್ಬಕ್ಕ ನಾವೂ ಇಲ್ಲೇ ಹಚ್ತೀವಿ,
ಈ ಕಲ್ಲಿನ ಅಂಚಿಗೆ. ನಮ್ಮವ್ವನೂ ಇಲ್ಲೇ ಹಚ್ತಿದ್ಲು.
ಈ ಮಗ್ಗಲಕ್ಕ ಗಾಳಿ ಬರಂಗಿಲ್ಲ."
"ಎಣ್ಣೆಯೇ?"
"ಎಣ್ಣಿ ತುಟ್ಟಿ ಆಗೈತ್ರಿ. ಮೇಣಬತ್ತಿ ಸಾಕು ಅವರಿಗೆ."

ಯಾರಿಗೆ ಎಂದು ಕೇಳಲಿಲ್ಲ.
ಒದ್ದೆ ಕಾಗದ ಹಾಸಿ ಕುಂಚದಿಂದ ಬಡಿದೆ,
ಮಲಗದ ಕೂಸಿನ ಬೆನ್ನು ತಟ್ಟುವಷ್ಟೇ;
ಜೋರಾದರೆ ಹರಿಯುತ್ತದೆ,
ಮೆತ್ತಗಾದರೆ ಒತ್ತಕ್ಷರ ಮೂಡುವುದಿಲ್ಲ.
ಮಸಿ ಹಚ್ಚಿದೆ. ಒಣಗಿದ ಮೇಲೆ ಬಿಡಿಸಿ, ತಿರುಗಿಸಿ,
ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

ಮೇಲೆ ಸೂರ್ಯಚಂದ್ರರು. ಹಸು ತನ್ನ ಕಾಲ ಮೇಲೆ.
ಹನ್ನೊಂದೂ ಸಾಲು ಕರಿಯ ಮೇಲೆ ಬೆಳ್ಳಗೆ,
ಶಾಪದ್ದಂತೂ ಬಲು ಸ್ಪಷ್ಟ.

ಅಲ್ಲಿ, ಅಂಚಿನಿಂದ ಇಳಿದು ಗಟ್ಟಿಯಾಗಿದ್ದ ಹಳದಿಯನ್ನು
ಬೆಳಿಗ್ಗೆ ಕಸವೆಂದುಕೊಂಡಿದ್ದೆ.

ಉಗುರಿನ ಸಂದಿಯಲ್ಲಿ ಇನ್ನೂ ಇದೆ,
ಮೂಸಿದರೆ ಮೇಣ.